ಮಲೆನಾಡಿನ 3 ಪಿಎಚ್‌ಸಿ, 300 ಬಿಪಿ ರೋಗಿಗಳು, ದೂರದಿಂದಲೇ ನಿಗಾ: ಯೋಜನೆಯ ಗುರಿ ಹೇಗೆ ಬರೆಯೋದು, ಯಾವ ಆ್ಯಪ್ ತಗೊಳ್ಳೋದು?

ಕಾಡುಹಾದಿ:
ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕೊಂದರ 3 ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವ್ಯಾಪ್ತಿಯಲ್ಲಿ ಈ ಯೋಜನೆ. 300 ಬಿಪಿ ರೋಗಿಗಳು, ಹೆಚ್ಚಿನವರು 60 ದಾಟಿದವರು. ಟ್ರಸ್ಟ್ ಒಂದು 18 ತಿಂಗಳಿಗೆ ಹಣ ಕೊಡುತ್ತಿದೆ. ಪೂರ್ಣಾವಧಿ ನರ್ಸ್ ಒಬ್ಬರು, ವಾರಕ್ಕೆ ಮೂರು ದಿನ ಸಿಗುವ ವೈದ್ಯರು ಒಬ್ಬರು ಇದ್ದಾರೆ. ಈಗಿನ ಪಟ್ಟಿಯಲ್ಲಿ ಬ್ಲೂಟೂತ್ ಬಿಪಿ ಮಷಿನ್, ಗ್ಲುಕೋಮೀಟರ್, ಆಕ್ಸಿಮೀಟರ್, ಎದೆಗೆ ಅಂಟಿಸುವ ಇಸಿಜಿ ಪ್ಯಾಚ್, ವಿಡಿಯೋ ಸಮಾಲೋಚನೆ, ಎಲ್ಲ ಅಳತೆ ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಎಲ್ಲವೂ ಇವೆ. ಗುರಿಯ ಜಾಗದಲ್ಲಿ ‘ಗ್ರಾಮೀಣ ಆರೋಗ್ಯ ಸೇವೆಯ ಸುಧಾರಣೆ’ ಎಂದಿದೆ. ಕೆಲವು ಮಜರೆಗಳಲ್ಲಿ ನೆಟ್‌ವರ್ಕ್ ಸಿಗೋದೇ ಇಲ್ಲ. ಮೂರು ವಾರದಲ್ಲಿ ಕಾರ್ಯತಂತ್ರದ ಕರಡು ಕೊಡಬೇಕು. ಯಾವ ಆ್ಯಪ್ ಒಳ್ಳೆಯದು?

ನಾಡಿಮಿಡಿತ:
ಆ್ಯಪ್ ಕೊನೆಗೆ ನೋಡೋಣ. ಮೊದಲು ಆ ಗುರಿಯ ಸಾಲು ಹೊಡೆದು ಹಾಕಿ. ಅದರಿಂದ ಏನು ಕೊಳ್ಳಬೇಕು, ಏನು ಬಿಡಬೇಕು ಅನ್ನೋದು ತಿಳಿಯೋದಿಲ್ಲ. ಅದರ ಬದಲು ಹೀಗೆ ಬರೆಯಿರಿ: ‘ನೋಂದಾಯಿಸಿದ 300 ಜನರಲ್ಲಿ, ಕೊನೆಯ ಸಲ ನೋಡಿದಾಗ ಬಿಪಿ 140/90ಕ್ಕಿಂತ ಕೆಳಗಿದ್ದವರು ಮೊದಲ ತಿಂಗಳಲ್ಲಿ ಇಷ್ಟು, 12ನೇ ತಿಂಗಳಲ್ಲಿ ಇಷ್ಟಾಗಬೇಕು.’ ಎರಡೂ ಜಾಗ ಈಗ ಖಾಲಿ ಇರಲಿ, ಮೊದಲ ತಿಂಗಳ ಅಳತೆ ಕೈಗೆ ಬಂದ ಮೇಲೆ ತುಂಬಿ. ಭಾಗಿಸುವುದು ಯಾವಾಗಲೂ 300ರಿಂದಲೇ. ಅಳತೆ ಸಿಗದವರನ್ನು ‘ಹತೋಟಿಯಲ್ಲಿಲ್ಲ’ ಎಂದೇ ಲೆಕ್ಕ ಹಿಡಿಯಬೇಕು. ಇಲ್ಲವಾದರೆ ಬಂದವರನ್ನಷ್ಟೇ ಎಣಿಸಿ ವರದಿ ಚೆನ್ನಾಗಿ ಕಾಣುತ್ತದೆ, ಮಾತ್ರೆ ಬಿಟ್ಟು ಮನೆಯಲ್ಲಿ ಕೂತವರು ಕಾಣೋದೇ ಇಲ್ಲ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲೂ 140/90 ಅನ್ನೇ ಹತೋಟಿಯ ಗೆರೆಯಾಗಿ ಇಟ್ಟುಕೊಂಡಿದ್ದಾರೆ. ಹಾಗಾಗಿ ಪಿಎಚ್‌ಸಿಯವರಿಗೆ ಎರಡೆರಡು ಲೆಕ್ಕ ಬರೆಯುವ ಹೊರೆ ಬೀಳದು.

ಆಮೇಲೆ ಪಟ್ಟಿಯ ಒಂದೊಂದು ಸಾಮಾನಿಗೂ ಒಂದೇ ಪ್ರಶ್ನೆ ಕೇಳಿ: ಈ ಅಂಕಿ ಬಂದರೆ ಯಾರು, ಎಷ್ಟು ಹೊತ್ತಿನಲ್ಲಿ, ಏನು ಮಾಡುತ್ತಾರೆ? ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ, ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಕೊಡುತ್ತಾರೆ. ಅಲ್ಲಿ ಇಸಿಜಿಗೆ ಒಂದು ತೀರ್ಮಾನ ಅಂಟಿಕೊಂಡಿದೆ. ನಿಮ್ಮ ಇಸಿಜಿ ಪ್ಯಾಚ್‌ಗೆ ಅಂಥದ್ದೇನಿದೆ? ರಾತ್ರಿ ಎರಡು ಗಂಟೆಯ ಗೀಟುಗಳನ್ನು ನೋಡುವವರು ಯಾರೂ ಇಲ್ಲ. ಪ್ಯಾಚ್ ಮತ್ತು ಆಕ್ಸಿಮೀಟರ್ ಬಿಡಿ. ‘ಮಾಡದಿರುವ ಕೆಲಸಗಳು’ ಅಂತ ಕರಡಿನಲ್ಲೇ ಒಂದು ಭಾಗ ಇಟ್ಟು, ಅಲ್ಲಿ ಬರೆದುಬಿಡಿ.

ವಾರ್ಡ್_ನಂ_7:
ಮೇಲಿನವರು ಹೇಳಿದ್ದಕ್ಕೆ ನರ್ಸ್ ಕಡೆಯ ಲೆಕ್ಕ ಸೇರಿಸುತ್ತೇನೆ. 300 ಜನ ವಾರಕ್ಕೆರಡು ಸಲ ಅಳತೆ ಕಳಿಸಿದರೆ 600. ನೂರಕ್ಕೆ ಹತ್ತು ಗೆರೆ ದಾಟಿತು ಅಂದುಕೊಂಡರೆ 60 ಕರೆ. ಕಡತ ತೆಗೆದು, ಮಾತಾಡಿ, ಬರೆದಿಡಲು ತಲಾ 8 ನಿಮಿಷ ಹಿಡಿದರೆ 8 ಗಂಟೆ, ಅಂದರೆ ವಾರದಲ್ಲಿ ಒಂದು ಪೂರ್ತಿ ದಿನ. ಅದೇ ‘ದಿನಾ ಬೆಳಿಗ್ಗೆ ಸಂಜೆ’ ಎಂದರೆ ವಾರಕ್ಕೆ 4,200 ಅಳತೆ, 420 ಕರೆ, 56 ಗಂಟೆ. ಒಬ್ಬ ನರ್ಸ್ ಕೈಲಿ ಆಗದ ಮಾತು. ಎರಡನೇ ತಿಂಗಳಿಗೆ ಎಚ್ಚರಿಕೆಗಳನ್ನು ಓದದೆ ಅಳಿಸೋದು ಶುರುವಾಗುತ್ತದೆ, ನಿಜವಾಗಿ ಅಪಾಯದಲ್ಲಿರುವವರೂ ಅದರಲ್ಲೇ ಕಳೆದುಹೋಗುತ್ತಾರೆ.

ಅದಕ್ಕೇ ನಿಯಮ ನಾಲ್ಕೇ ಇರಲಿ:

- 180/110 ಅಥವಾ ಮೇಲೆ: 5 ನಿಮಿಷ ಕೂರಿಸಿ ಮತ್ತೆ ಅಳೆಯಿರಿ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಮರು ಅಳತೆಗೆ ಕಾಯದೆ 108.
- ಅಂಥ ಲಕ್ಷಣವಿಲ್ಲ, ಆದರೆ ಮತ್ತೆ ಅಷ್ಟೇ ಬಂತು: ಅದೇ ದಿನ ವೈದ್ಯರಿಗೆ. ನಿಮ್ಮ ವೈದ್ಯರ ಸರದಿ ಇಲ್ಲದ ದಿನ ಪಿಎಚ್‌ಸಿ ವೈದ್ಯರಿಗೆ. ಈ ಒಪ್ಪಂದ ಮೊದಲೇ ಆಗಿರಬೇಕು.
- ಮನೆಯ ಅಳತೆಗಳ ವಾರದ ಸರಾಸರಿ 135/85ಕ್ಕಿಂತ ಹೆಚ್ಚು: ವೈದ್ಯರ ಮುಂದಿನ ಪಟ್ಟಿಗೆ. ಮನೆಯಲ್ಲಿ ಅಳೆದಾಗ ಗೆರೆ ಸ್ವಲ್ಪ ಕೆಳಗೆ, 140/90 ಅಲ್ಲ.
- ಬರಬೇಕಾದ ಅಳತೆ 14 ದಿನ ತಡವಾಯಿತು: ಆಶಾ ಕಾರ್ಯಕರ್ತೆ ಮನೆಗೆ ಹೋಗಬೇಕು.

ಕೊನೆಯದನ್ನು ದಯವಿಟ್ಟು ಕೈಬಿಡಬೇಡಿ. ಅಳತೆ ನಿಂತ ಮನೆಯಲ್ಲಿ ಎಷ್ಟೋ ಸಲ ಮಾತ್ರೆಯೂ ನಿಂತಿರುತ್ತದೆ. ಅಂದಹಾಗೆ, ಮೂರೂ ಪಿಎಚ್‌ಸಿಗಳಲ್ಲಿ ಬಿಪಿ ಮಾತ್ರೆಗಳಾದ ಆ್ಯಮ್ಲೋಡಿಪಿನ್ 5 ಎಂಜಿ, ಟೆಲ್ಮಿಸಾರ್ಟನ್ 40 ಎಂಜಿ ಎಷ್ಟು ದಿನಕ್ಕಾಗುವಷ್ಟು ದಾಸ್ತಾನಿದೆ? 300 ಜನರಿಗೆ ದಿನಕ್ಕೊಂದರಂತೆ ತಿಂಗಳಿಗೆ 9,000 ಮಾತ್ರೆ. ಕಪಾಟು ಖಾಲಿ ಇದ್ದರೆ ಡ್ಯಾಶ್‌ಬೋರ್ಡ್ ನೋಡಿ ಮಾಡುವುದೇನೂ ಇಲ್ಲ.

ತೋಳುಪಟ್ಟಿ:
300 ಮಷಿನ್ ಬೇಡ. ಬಿಪಿ ಹತೋಟಿಯಲ್ಲಿರುವವರಿಗೆ ತಿಂಗಳಿಗೊಮ್ಮೆ ಆಶಾ ಅಥವಾ ಉಪಕೇಂದ್ರದ ಅಳತೆ ಸಾಕು. ಹತೋಟಿಗೆ ಬಾರದವರು, ಹೊಸದಾಗಿ ಮಾತ್ರೆ ಬದಲಾದವರು, ಇವರಿಗೆ ಮಾತ್ರ ಮನೆಗೊಂದು ಮಷಿನ್, 6ರಿಂದ 8 ವಾರಕ್ಕೆ, ಆಮೇಲೆ ಮುಂದಿನವರಿಗೆ. 40 ಮಷಿನ್‌ನಿಂದ ಶುರು ಮಾಡಬಹುದು. ವಾರ್ಡ್_ನಂ_7 ಅವರ 60 ಕರೆಯೂ ಇದರಿಂದ ಇಳಿಯುತ್ತದೆ.

ಮಣಿಕಟ್ಟಿನ ಮಷಿನ್ ಬೇಡ, ಮೇಲ್ತೋಳಿನದೇ ಇರಲಿ. ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ (ಕಫ್) 22ರಿಂದ 32 ಸೆಂ.ಮೀ. ಸುತ್ತಳತೆಗೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇಲ್ಲದವರಿಗೂ ಬಿಪಿ ತೋರಿಸುತ್ತದೆ. ನೋಂದಣಿ ದಿನವೇ ಟೇಪಿನಲ್ಲಿ ತೋಳು ಅಳೆದು ಕಾರ್ಡಿನಲ್ಲಿ ಬರೆಯಿರಿ, ದೊಡ್ಡ ಪಟ್ಟಿ ಹತ್ತಾದರೂ ತರಿಸಿ. ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತುವುದು ಮಲೆನಾಡಿನ ಚಳಿಯಲ್ಲಿ ಮಾಮೂಲಿ ತಪ್ಪು.

ಬ್ಲೂಟೂತಿನದು ಬೇರೆಯೇ ತಲೆನೋವು. ಗಂಡ ಹೆಂಡತಿ ಇಬ್ಬರಿಗೂ ಬಿಪಿ ಇದ್ದು ಒಂದೇ ಮಷಿನ್ ಬಳಸಿದರೆ ಅಳತೆ ಒಬ್ಬರ ಹೆಸರಿಗೇ ಬೀಳುತ್ತದೆ. ಬಳಕೆದಾರ 1, 2 ಗುಂಡಿ ಇರುವ ಮಷಿನ್ ತಗೊಂಡು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಸ್ಟಿಕ್ಕರ್ ಅಂಟಿಸಿ. ಸೆಲ್ ಬದಲಿಸಿದಾಗ ಹಲವು ಮಷಿನ್‌ಗಳ ಗಡಿಯಾರ ಹಿಂದಕ್ಕೆ ಹೋಗಿ, ಇವತ್ತಿನ ಅಳತೆ ಹಳೇ ತಾರೀಖಿನಲ್ಲಿ ಕೂರುತ್ತದೆ. ಆ್ಯಪ್‌ಗೆ ಅಳತೆ ತಲುಪಿದ ಸಮಯವೂ ಬೇರೆಯಾಗಿ ದಾಖಲಾಗಬೇಕು. ನೆಟ್‌ವರ್ಕ್ ಬಂದಾಗ ಒಂದೇ ಅಳತೆ ಎರಡು ಸಲ ಹೋಗದಂತೆ ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಬೇಕು. ಇವೆರಡೂ ಆಗುವ, ನೆಟ್‌ವರ್ಕ್ ಇಲ್ಲದೆಯೂ ನಡೆಯುವ, ಕನ್ನಡದಲ್ಲಿರುವ, ಪೂರ್ತಿ ದತ್ತಾಂಶವನ್ನು ನೀವೇ ಇಳಿಸಿಕೊಳ್ಳಬಹುದಾದ ಆ್ಯಪ್ ಯಾವುದಾದರೂ ಸರಿ. ಕೀಪ್ಯಾಡ್ ಫೋನ್ ಇರುವವರು ‘132 84’ ಅಂತ ಎಸ್‌ಎಂಎಸ್ ಕಳಿಸಿದರೂ ಸೇರಬೇಕು.

ಕಾಡುಹಾದಿ:
ತುಂಬಾ ಉಪಯೋಗವಾಯಿತು. ಟ್ರಸ್ಟಿನವರು ವಿಡಿಯೋ ಬೇಕೇ ಬೇಕು ಅನ್ನುತ್ತಾರೆ. ಒಪ್ಪಿಗೆ ಪತ್ರ ಹೇಗಿರಬೇಕು?

ನಾಡಿಮಿಡಿತ:
2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನೇ ಅವರ ಮುಂದಿಡಿ. ವೈದ್ಯರು ಹಿಂದಿನ ಆರು ತಿಂಗಳೊಳಗೆ ಎದುರಿಗೆ ನೋಡಿದ ರೋಗಿಗೆ, ಅದೇ ಕಾಯಿಲೆಗೆ, ಮುಂದಿನ ಸಮಾಲೋಚನೆ ಫೋನಿನಲ್ಲಿ ಮಾಡಿ ಇನ್ನೊಂದು ಮಾತ್ರೆ ಸೇರಿಸಲು ಅದರಲ್ಲಿ ಅವಕಾಶವಿದೆ. ಹಾಗಾಗಿ ಮೊದಲ ತಿಂಗಳು 300 ಜನರನ್ನೂ ಶಿಬಿರದಲ್ಲಿ ನಿಮ್ಮ ವೈದ್ಯರೇ ನೋಡಲಿ, ಆಮೇಲೂ ಪ್ರತಿ ಆರು ತಿಂಗಳೊಳಗೆ ಒಮ್ಮೆ ಎದುರಿಗೆ ನೋಡಲಿ. ವಿಡಿಯೋ ಬೇಕಾದವರಿಗೆ ಸರ್ಕಾರದ ಉಚಿತ ದೂರ-ಸಮಾಲೋಚನೆ ಸೇವೆ ಇ-ಸಂಜೀವಿನಿ ಇದ್ದೇ ಇದೆ, ವಿಡಿಯೋಗೆ ದುಡ್ಡು ಹಾಕಬೇಡಿ. ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ, ಆದರೆ ನರ್ಸ್ ಅಥವಾ ಆಶಾ ಕರೆ ಶುರು ಮಾಡಿದರೆ ಸ್ಪಷ್ಟ ಒಪ್ಪಿಗೆ ಪಡೆದು ದಾಖಲಿಸಬೇಕು. ಪತ್ರ ಕನ್ನಡದಲ್ಲಿ ಒಂದೇ ಪುಟ ಇರಲಿ: ಯಾವ ಮಾಹಿತಿ, ಯಾರು ನೋಡುತ್ತಾರೆ, ಬೇಡವೆಂದರೆ ಯಾರಿಗೆ ಹೇಳಬೇಕು. ಜೊತೆಗೆ ಮಷಿನ್ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿ: ‘ಈ ಅಳತೆಯನ್ನು ರಾತ್ರಿ, ಭಾನುವಾರ ಯಾರೂ ನೋಡುವುದಿಲ್ಲ. ತುರ್ತಿದ್ದರೆ 108.’