ಸಹಾಯ ಬೇಕು: ಕುದುರೆಯ ಕಾಲಿನ ರಕ್ತಸಂಚಾರಕ್ಕೆ ಕೊಡುವ ಔಷಧದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಸಮೀಪದ ನಮ್ಮ ಹಳ್ಳಿಯಲ್ಲಿರುವ 11 ವರ್ಷದ ಗಂಡು ಕುದುರೆಯು, ಜೋಳದ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ಬಿರಿಯುವಷ್ಟು ತಿಂದ ಮರುದಿನದಿಂದ ಮುಂಗಾಲು ಊರಲಾರದೆ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಿಲ್ಲುತ್ತಿದೆ. ಗೊರಸು ಮುಟ್ಟಿದರೆ ಬಿಸಿಯಾಗಿದ್ದು, ಅದರ ಮೇಲಿನ ಗೆಣ್ಣಿನ ಹಿಂಬದಿಗೆ ಬೆರಳಿಟ್ಟರೆ ನಾಡಿ ಜೋರಾಗಿ ಹೊಡೆಯುತ್ತಿರುವುದು ತಿಳಿಯುತ್ತದೆ, ನೋಡಲು ಸಂಕಟವಾಗುತ್ತದೆ. ಲ್ಯಾಮಿನೈಟಿಸ್ (ಗೊರಸಿನೊಳಗಿನ ಅಂಗಾಂಶದ ಉರಿಯೂತ) ಎಂದು ಗುರುತಿಸಿದ ಪಶುವೈದ್ಯರು ನೋವಿಗೆ ಫಿನೈಲ್‌ಬ್ಯುಟಜೋನ್ ಆರಂಭಿಸಿ, ಗೊರಸಿಗೆ ಐಸ್ ಇಡಲು ಹೇಳಿದ್ದಾರೆ. ರಕ್ತನಾಳಗಳನ್ನು ಸಡಿಲಿಸುವ ಅಸಿಪ್ರೊಮಜಿನ್ ಅಥವಾ ಐಸಾಕ್ಸುಪ್ರಿನ್ ಕೊಡುವ ಮಾತೂ ಬಂದಿದೆ. ಮೊದಲನೆಯದು ರಕ್ತದೊತ್ತಡವನ್ನು ಇಳಿಸುತ್ತದೆ ಮತ್ತು ಗಂಡು ಕುದುರೆಗಳಲ್ಲಿ ಅಪರೂಪಕ್ಕೆ ಜನನಾಂಗಕ್ಕೆ ತೊಂದರೆ ಮಾಡುತ್ತದೆ. ಎರಡನೆಯದನ್ನು ಬಾಯಿಯ ಮೂಲಕ ಕೊಟ್ಟರೆ ರಕ್ತಕ್ಕೆ ಸೇರುವುದೇ ತೀರ ಕಡಿಮೆ. ಒಂದೆಡೆ ಐಸ್‌ನಿಂದ ರಕ್ತನಾಳ ಕುಗ್ಗಿಸುತ್ತಾ ಇನ್ನೊಂದೆಡೆ ಔಷಧದಿಂದ ಹಿಗ್ಗಿಸುವುದು ಸರಿಯೇ ಎಂಬುದನ್ನು, ಕುದುರೆಗಳಿಗೆ ಚಿಕಿತ್ಸೆ ನೀಡಿದ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.