56 ಅಂಕ, 14 ಪಂದ್ಯ, ಒಂದು ಆರತಕ್ಷತೆ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 2020ರ ಫೆಬ್ರವರಿ 12ರ ಬುಧವಾರ ನಡೆದ ಚರ್ಚೆ ಇದು. ಹಿಂದಿನ ರಾತ್ರಿ ಬ್ರೆಂಟ್‌ಫರ್ಡ್ ಅಂಗಳದಲ್ಲಿ, ಬಿಯೆಲ್ಸಾ ತರಬೇತಿಯ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಲೀಡ್ಸ್ ಯುನೈಟೆಡ್ 1–1 ಡ್ರಾ ಮಾಡಿಕೊಂಡಿತ್ತು. ಮೈಸೂರು, ಬೆಂಗಳೂರಿನಲ್ಲಿರುವ ನಮಗೆ ಲೀಡ್ಸ್ ಹುಚ್ಚು ಹಿಡಿಸಿದವರು ಚಿಕ್ಕಪ್ಪ. 1991ರಲ್ಲಿ ಜವಳಿ ತಂತ್ರಜ್ಞಾನ ಓದಲು ಆ ಊರಿಗೆ ಹೋದವರು ಅವರು. ಹೆಸರುಗಳ ಬದಲು ನಾನು ಕರೆಯುವ ಸಂಬಂಧಗಳನ್ನೇ ಹಾಕಿದ್ದೇನೆ.

ಚಿಕ್ಕಪ್ಪ, 6:10
[ಹಲವು ಬಾರಿ ರವಾನೆಯಾದ ಸಂದೇಶ]
ಎಚ್ಚರ! ಬಿಯೆಲ್ಸಾ ತರಬೇತಿಯ ತಂಡಗಳು ಚಳಿಗಾಲ ಮುಗಿಯುವ ಹೊತ್ತಿಗೆ ಸುಸ್ತಾಗುತ್ತವೆ. 2012: ಸ್ಪೇನಿನ ಬಿಲ್ಬಾವೊ ಎರಡು ಫೈನಲ್‌ಗಳಲ್ಲಿ ಸೋಲು. 2015: ಅರ್ಧ ಋತುವಿಗೆ ಮೊದಲಿದ್ದ ಫ್ರಾನ್ಸಿನ ಮಾರ್ಸೇ ಕೊನೆಗೆ ನಾಲ್ಕನೆಯದು. 2019: ಲೀಡ್ಸ್. ಹೀಗೆ ಜಾರಿದ ತಂಡ ಮೇಲಿನ ಲೀಗಿಗೆ ಏರಿದ ಇತಿಹಾಸವೇ ಇಲ್ಲ. ಎಲ್ಲ ಅಭಿಮಾನಿಗಳಿಗೂ ತಲುಪಿಸಿ.

ಚಿಕ್ಕಪ್ಪ, 6:11
ನಾನು ಮೊದಲೇ ಹೇಳಿದ್ದೆ.

ದೊಡ್ಡಪ್ಪ, 6:24
ಉಪಯುಕ್ತ ಮಾಹಿತಿ. ಈ ಕಾಲದಲ್ಲಿ ಸುಸ್ತು ಎಲ್ಲರಿಗೂ ಆಗುತ್ತದೆ. ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸೇವಿಸಿ.

ಚಿಕ್ಕಮ್ಮ, 6:31
ಅದು ಫುಟ್‌ಬಾಲಿನ ವಿಷಯ. ಇವರು ಮೂರು ಗಂಟೆಯವರೆಗೆ ಮಲಗಿಲ್ಲ. ಈಗ ಕಾಫಿ ಲೋಟ ಹಿಡಿದುಕೊಂಡು ಹಜಾರದಲ್ಲಿ ಓಡಾಡುತ್ತಿದ್ದಾರೆ.

ದೊಡ್ಡಪ್ಪ, 6:35
ತಮ್ಮಾ, ಅರವತ್ತರ ಹತ್ತಿರ ಬಂದವನು ಮಲಗುವ ಹೊತ್ತಿಗೆ ಮಲಗಬೇಕು. ಗೆಲ್ಲುವವರು ನೀನು ನೋಡದಿದ್ದರೂ ಗೆಲ್ಲುತ್ತಾರೆ.

ಭಾವ, 7:02
ಚಿಕ್ಕಮಾವ, ತಪ್ಪು ತಿಳಿಯಬೇಡಿ. ಬಿಲ್ಬಾವೊ, ಮಾರ್ಸೇ ವಿಷಯ ನಿಜ. ಆದರೆ ಕೊನೆಯ ಸಾಲಿಗೆ ಆಧಾರವೇನು? ‘ಇತಿಹಾಸವೇ ಇಲ್ಲ’ ಎಂದವರು ಎಷ್ಟು ವರ್ಷಗಳ ಅಂಕಪಟ್ಟಿ ನೋಡಿದ್ದಾರೆ? ಇನ್ನೊಂದು ಮಾತು. ಬಿಲ್ಬಾವೊ ಎರಡು ಫೈನಲ್ ಸೋತಿತು ಎಂದರೆ ಎರಡು ಫೈನಲ್ ತಲುಪಿತ್ತು ಎಂದೂ ಅರ್ಥ. ಸುಸ್ತಾದವರು ಯುರೋಪಾ ಲೀಗ್ ಫೈನಲ್‌ವರೆಗೆ ಹೋಗುವುದಿಲ್ಲ.

ಚಿಕ್ಕಪ್ಪ, 7:06
ಎರಡರಲ್ಲೂ 0–3. ಅದನ್ನೂ ಹೇಳಿ.

ನಾನು, 7:15
ಚಿಕ್ಕಪ್ಪ, ಇದನ್ನು ಬರೆದವರು ಪಂದ್ಯ ನೋಡಿಲ್ಲ. ಸುಸ್ತಾದ ತಂಡ ಓಡುವುದನ್ನು ನಿಲ್ಲಿಸುತ್ತದೆ. ನಮ್ಮವರು ಕೊನೆಯ ನಿಮಿಷದಲ್ಲೂ ಎದುರಾಳಿಯನ್ನು ಅವರ ಅರ್ಧದಲ್ಲೇ ಕಟ್ಟಿಹಾಕುತ್ತಿದ್ದಾರೆ. ಜನವರಿ 28ರಂದು ಮಿಲ್ವಾಲ್ ವಿರುದ್ಧ ಅರ್ಧವಿರಾಮಕ್ಕೆ 0–2 ಹಿಂದಿದ್ದು 3–2 ಗೆದ್ದರು. ಕಾಲಿನಲ್ಲಿ ಕಸುವಿಲ್ಲದವರು ಹಾಗೆ ತಿರುಗಿ ಬೀಳುತ್ತಾರೆಯೇ? ತೊಂದರೆ ಇರುವುದು ಎರಡು ಗೋಲುಗಳ ಮುಂದೆ. ಆ ಕಡೆ ಬ್ಯಾಮ್‌ಫರ್ಡ್ ಒಳಗೆ ಹಾಕಬೇಕಾದದ್ದನ್ನು ಹೊರಗೆ ಹೊಡೆಯುತ್ತಿದ್ದಾನೆ. ಈ ಕಡೆ ನಮ್ಮ ಗೋಲ್‌ಕೀಪರ್ ಕಸಿಯ್ಯಾ. ವಿಗನ್ ಪಂದ್ಯವನ್ನು ಸೋತದ್ದು ಹರ್ನಾಂಡೆಸ್‌ಗೆ ತಗುಲಿ ನಮ್ಮದೇ ಗೋಲಿಗೆ ಹೋದ ಚೆಂಡಿನಿಂದ. ಮೇಲಾಗಿ ಕ್ಯಾಲ್ವಿನ್ ಫಿಲಿಪ್ಸ್ ಕೆಂಪು ಕಾರ್ಡಿನಿಂದ ಮೂರು ಪಂದ್ಯ ಹೊರಗಿದ್ದ. ನಿನ್ನೆ ಮರಳಿದ, ಮಧ್ಯದಲ್ಲಿ ತಂಡಕ್ಕೆ ಉಸಿರು ಬಂದದ್ದನ್ನು ನೀವೂ ನೋಡಿದಿರಿ.

ಭಾವ, 7:22
ಆ ಮೂರರಲ್ಲಿ ಒಂದು ನೀನೇ ಹೇಳಿದ ಮಿಲ್ವಾಲ್ ಗೆಲುವು. ಶೆಫೀಲ್ಡ್ ವೆಡ್ನಸ್‌ಡೇ ವಿರುದ್ಧ ಸೋತಾಗ ಅವನು ಮೈದಾನದಲ್ಲಿಯೇ ಇದ್ದ. ನಿನಗೂ ಆಧಾರ ಬೇಕು.

ಚಿಕ್ಕಪ್ಪ, 7:30
ನೋಡಿದೆನಪ್ಪಾ. ನಮ್ಮ ಕೂಪರ್ ಮೆಲ್ಲಗೆ ಹಿಂದಕ್ಕೆ ಕೊಟ್ಟ ಚೆಂಡು. ಸುತ್ತ ಯಾರೂ ಇಲ್ಲ. ಕಸಿಯ್ಯಾ ಕಾಲೆತ್ತಿದ, ಚೆಂಡು ಅಂಗಾಲಿನ ಕೆಳಗೆ ನುಸುಳಿತು. ಬ್ರೆಂಟ್‌ಫರ್ಡ್‌ನ ಬೆನ್‌ರಹ್ಮಾ ಬಂದು ಖಾಲಿ ಗೋಲಿಗೆ ತಳ್ಳಿದ. ಕಳೆದ ಮೇ ತಿಂಗಳಲ್ಲಿ ಬಡ್ತಿಗಾಗಿ ಆಡಿದ ಪ್ಲೇಆಫ್ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ಡರ್ಬಿ ವಿರುದ್ಧ ಅರ್ಧವಿರಾಮಕ್ಕೆ ಮೊದಲು ಚೆಂಡು ನಿನ್ನದೋ ನನ್ನದೋ ಎಂದು ಬಾಗಿಲು ತೆರೆದಿಟ್ಟವರೂ ಇದೇ ಇಬ್ಬರು. ಅಲ್ಲಿಂದಲೇ ಎಲ್ಲವೂ ಮುಳುಗಿದ್ದು.

ನಾನು, 7:33
ನಿನ್ನೆ ಸಮಬಲದ ಗೋಲು ಹೊಡೆದವನೂ ಕೂಪರ್.

ಅಕ್ಕ, 7:41
ಡರ್ಬಿ ಎಂದಿರಾ ಚಿಕ್ಕಪ್ಪ? ಆ ಹೆಸರು ನನಗೂ ಚೆನ್ನಾಗಿ ನೆನಪಿದೆ. 2019ರ ಮೇ 11, ಶನಿವಾರ, ನನ್ನ ಆರತಕ್ಷತೆ.

ಚಿಕ್ಕಪ್ಪ, 7:42
ಅದು ಮೊದಲ ಪಂದ್ಯ. ನಾವು ಗೆದ್ದದ್ದು.

ಅಕ್ಕ, 7:44
ಮನೆಯವರೆಲ್ಲ ವೇದಿಕೆಗೆ ಬನ್ನಿ ಎಂದು ಕರೆದಾಗ ರಾತ್ರಿ ಹತ್ತು. ನೀವು ಅಡುಗೆಯವರ ಹಿಂದೆ ಮೊಬೈಲ್ ಹಿಡಿದುಕೊಂಡು ಕುಳಿತಿದ್ದಿರಿ. ನನ್ನನ್ನು ಎತ್ತಿ ಆಡಿಸಿದವರು, ನನ್ನ ಮದುವೆಯ ಮನೆಮಂದಿಯ ಫೋಟೋದಲ್ಲಿ ಇಲ್ಲ. ಅತ್ತೆಯವರು ಇಂದಿಗೂ ‘ನಿಮ್ಮ ಚಿಕ್ಕಪ್ಪ ಬಂದಿರಲಿಲ್ಲವೇ’ ಎಂದು ಕೇಳುತ್ತಾರೆ.

ಚಿಕ್ಕಮ್ಮ, 7:46
ಹನ್ನೊಂದು ಗಂಟೆಯ ಹೊತ್ತಿಗೆ ಗೋಲು ಬಿತ್ತು. ಇವರು ಕೂಗಿದ ರಭಸಕ್ಕೆ ಬಡಿಸುವವನ ಕೈಯಿಂದ ಸಾರಿನ ಬಕೆಟ್ ಜಾರಿತು. ಅವನಿಗೆ ಸಮಾಧಾನ ಹೇಳಿದವಳು ನಾನು.

ಸೋದರಮಾವ, 8:20
ಈಗ ತಾನೇ ಎಲ್ಲವನ್ನೂ ನೋಡಿದೆ. ನಮ್ಮ ಬೆಂಗಳೂರು ಎಫ್‌ಸಿ ಬಗ್ಗೆ ಚಿಂತೆ ಬೇಡ, ಪ್ಲೇಆಫ್‌ಗೆ ಬರುತ್ತದೆ.

ನಾನು, 8:22
ಮಾವ, ಇದು ಲೀಡ್ಸ್. ಇಂಗ್ಲೆಂಡಿನ ಎರಡನೆಯ ಹಂತದ ಲೀಗ್. 24 ತಂಡ, 46 ಪಂದ್ಯ. ಮೊದಲ ಎರಡು ಸ್ಥಾನಕ್ಕೆ ನೇರ ಬಡ್ತಿ. ಮೂರರಿಂದ ಆರರವರೆಗಿನವರು ಪ್ಲೇಆಫ್ ಆಡಿ ಒಬ್ಬರು ಮಾತ್ರ ಮೇಲೆ ಹೋಗುತ್ತಾರೆ. ನಾವು ಈಗ ಎರಡನೆಯವರು.

ಸೋದರಮಾವ, 8:37
ಎರಡನೆಯವರೇ? ಹಾಗಿದ್ದರೆ ಈ ಗೋಳು ಯಾಕೆ? ನಮ್ಮ ಕಾಲದಲ್ಲಿ ಅಶೋಕನಗರದ ಮೈದಾನದಲ್ಲಿ ಐಟಿಐ, ಎಚ್‌ಎಎಲ್ ಎದುರಾದರೆ ಪಾಳಿ ಮುಗಿಸಿದವರು ಸಮವಸ್ತ್ರದಲ್ಲೇ ಬಂದು ಕೂರುತ್ತಿದ್ದರು. ಸೋತರೂ ಮರುದಿನ ಕಾರ್ಖಾನೆಯ ಗೇಟಿನಲ್ಲಿ ಅದೇ ಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ರಾಮನ್ ನಮ್ಮ ಬೆಂಗಳೂರಿನವರು. ಆ ತಂಡದ ಬಹುತೇಕರು ಬರಿಗಾಲಿನಲ್ಲಿ ಆಡಿದ್ದು. ಎರಡು ಪೆನಾಲ್ಟಿ ಕೈತಪ್ಪಿ 1–2 ಸೋತೆವು. ಯಾರಾದರೂ ಸುಸ್ತು ಎಂದರೇ?

ಭಾವ, 8:40
ಮಾವ, ಅದಕ್ಕೂ ಲೀಡ್ಸ್ ಅಂಕಪಟ್ಟಿಗೂ ಏನು ಸಂಬಂಧ?

ಸೋದರಮಾವ, 8:43
ಸಂಬಂಧ ಇದೆ. ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದದ್ದು 1968–69ರಲ್ಲಿ, ಅದೇ ಕೊನೆ. ನಾವು ಇನ್ನೂ ಕಾಯುತ್ತಲೇ ಇದ್ದೇವೆ. ನಿಮ್ಮ ಲೀಡ್ಸ್‌ಗೆ ಎಷ್ಟು ವರ್ಷವಾಯಿತು?

ಚಿಕ್ಕಪ್ಪ, 8:58
ಮೇಲಿನ ಲೀಗಿನಿಂದ ಬಿದ್ದು ಹದಿನಾರು. ಕೇಳಿದಿರಲ್ಲ, ಹೇಳುತ್ತೇನೆ. 1992ರ ಏಪ್ರಿಲ್ 26, ಭಾನುವಾರ. ಬಾಡಿಗೆ ಕೋಣೆಯಲ್ಲಿ ರೇಡಿಯೊ. ನಾವು ಶೆಫೀಲ್ಡ್ ಯುನೈಟೆಡ್ ವಿರುದ್ಧ 3–2 ಗೆದ್ದೆವು. ಅಂದೇ ಮ್ಯಾಂಚೆಸ್ಟರ್ ಯುನೈಟೆಡ್ ಲಿವರ್‌ಪೂಲಿನಲ್ಲಿ ಸೋತಿತು. ನಾವು ಚಾಂಪಿಯನ್ನರು. ಪಕ್ಕದ ಮನೆಯ ಮುದುಕ ನನ್ನನ್ನು ಅಪ್ಪಿಕೊಂಡು ಅತ್ತ. ಅದುವರೆಗೆ ನನ್ನೊಡನೆ ಒಂದು ಮಾತೂ ಆಡದಿದ್ದವನು. 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಸಾಲ ಮಾಡಿ ಕಟ್ಟಿದ ತಂಡವನ್ನು ಸಾಲವೇ ತಿಂದಿತು. 2004ರಲ್ಲಿ ಕೆಳಗೆ ಬಿದ್ದೆವು, 2007ರಲ್ಲಿ ಮೂರನೆಯ ಹಂತಕ್ಕೆ. ಒಬ್ಬೊಬ್ಬ ಆಟಗಾರನನ್ನೂ ಮಾರಿದರು. ಕಳೆದ ವರ್ಷ 83 ಅಂಕ ಗಳಿಸಿಯೂ ಮೂರನೆಯ ಸ್ಥಾನ. ಗುಡ್ ಫ್ರೈಡೇ ದಿನ ಹತ್ತೇ ಜನ ಉಳಿದಿದ್ದ ವಿಗನ್ ವಿರುದ್ಧ ನಮ್ಮದೇ ಮೈದಾನದಲ್ಲಿ ಸೋತೆವು. ಇಷ್ಟೆಲ್ಲ ನೋಡಿದವನಿಗೆ ಒಂದು ಫಾರ್ವರ್ಡ್ ಕಳುಹಿಸುವ ಹಕ್ಕಾದರೂ ಇದೆಯೋ ಇಲ್ಲವೋ?

ಅಕ್ಕ, 9:04
ಹಕ್ಕಿದೆ ಚಿಕ್ಕಪ್ಪ. ಆದರೆ ‘ಮೊದಲೇ ಹೇಳಿದ್ದೆ’ ಎನ್ನಬೇಡಿ. ಡಿಸೆಂಬರ್ 11ರ ಬೆಳಿಗ್ಗೆ ಈ ಗುಂಪಿನಲ್ಲಿ ನೀವೇ ಬರೆದದ್ದು ಇಲ್ಲಿದೆ.
[ಸ್ಕ್ರೀನ್‌ಶಾಟ್: ‘ಸತತ ಏಳನೆಯ ಗೆಲುವು! ಈ ಬಾರಿ ಖಚಿತ. ಎಲ್ಲರಿಗೂ ನನ್ನ ಕಡೆಯಿಂದ ಮೈಸೂರು ಪಾಕ್.’]

ಸೋದರಮಾವ, 9:05
ಮೈಸೂರು ಪಾಕ್ ಬರಲಿಲ್ಲ.

ದೊಡ್ಡಪ್ಪ, 9:20
ಈ ಬಿಯೆಲ್ಸಾ ಎಂಬವನು ಕಳೆದ ವರ್ಷ ಎದುರಾಳಿಯ ಅಭ್ಯಾಸ ನೋಡಲು ಗೂಢಚಾರನನ್ನು ಕಳುಹಿಸಿದವನಲ್ಲವೇ? ಪತ್ರಿಕೆಯಲ್ಲಿ ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ. ಅಡ್ಡದಾರಿ ಹಿಡಿದವರಿಗೆ ಬಡ್ತಿ ಹೇಗೆ ಸಿಗುತ್ತದೆ?

ನಾನು, 9:34
ದೊಡ್ಡಪ್ಪ, ಕಳುಹಿಸಿದ್ದು ನಿಜ. ಕೇಳಿದಾಗ ಒಪ್ಪಿಕೊಂಡರು. ಎರಡು ಲಕ್ಷ ಪೌಂಡ್ ದಂಡವನ್ನು ತಮ್ಮ ಜೇಬಿನಿಂದಲೇ ಕಟ್ಟಿದರು. ಅದೇ ಏಪ್ರಿಲ್‌ನಲ್ಲಿ ಆಸ್ಟನ್ ವಿಲ್ಲಾ ಆಟಗಾರ ನೆಲದಲ್ಲಿ ಬಿದ್ದಿದ್ದಾಗ ನಮ್ಮವರು ಗೋಲು ಹೊಡೆದರು. ರೆಫರಿ ಕೊಟ್ಟ ಗೋಲು. ಬಿಯೆಲ್ಸಾ ಬದಿಯಲ್ಲಿ ನಿಂತು ‘ಅವರಿಗೆ ಗೋಲು ಬಿಟ್ಟುಕೊಡಿ’ ಎಂದು ಕೂಗಿ, ವಿಲ್ಲಾದವರು ನಡೆದುಕೊಂಡು ಹೋಗಿ ಹೊಡೆಯುವಂತೆ ಮಾಡಿದರು. ಫಿಫಾ ಅದಕ್ಕೆ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಒಬ್ಬ ಅಭಿಮಾನಿ ಟಿಕೆಟ್ ಹಣಕ್ಕೆ ಎಷ್ಟು ಹೊತ್ತು ದುಡಿಯಬೇಕು ಎಂದು ತಿಳಿಯಲಿ ಎಂದು ಆಟಗಾರರಿಂದ ಮೂರು ಗಂಟೆ ಕಸ ಹೆಕ್ಕಿಸಿದವರು ಇವರು. ಇವರ ಬಗ್ಗೆ ಒಂದು ಸಾಲು ಓದಿ ತೀರ್ಪು ಕೊಡಬೇಡಿ.

ದೊಡ್ಡಪ್ಪ, 9:41
ಕಸ ಹೆಕ್ಕಿಸಿದರೇ? ಹಾಗಾದರೆ ಒಳ್ಳೆಯ ಮನುಷ್ಯ. ನಮ್ಮ ಮನೆಯ ಹುಡುಗರಿಗೂ ಅಂಥ ಗುರು ಬೇಕಿತ್ತು. ದಂಡವನ್ನು ತಾನೇ ಕಟ್ಟಿದವನಿಗೆ ಫಲ ಸಿಕ್ಕೇ ಸಿಗುತ್ತದೆ.

ಭಾವ, 10:15
ನಾನು ಲೆಕ್ಕ ಹಾಕಿದೆ. ಡಿಸೆಂಬರ್ 10ಕ್ಕೆ 21 ಪಂದ್ಯ, 46 ಅಂಕ. ನಂತರದ 11 ಪಂದ್ಯಗಳಲ್ಲಿ 2 ಗೆಲುವು, 4 ಡ್ರಾ, 5 ಸೋಲು, 10 ಅಂಕ. ಒಟ್ಟು 56. ಉಳಿದದ್ದು 14. ಇಡೀ ಋತುವಿನ ಸರಾಸರಿಯಲ್ಲೇ ಹೋದರೆ ಕೊನೆಗೆ 80ರ ಆಸುಪಾಸು. ಕಳೆದ ವರ್ಷ ಎರಡನೆಯ ಸ್ಥಾನ ಪಡೆದ ಶೆಫೀಲ್ಡ್ ಯುನೈಟೆಡ್ ಗಳಿಸಿದ್ದು 89. ಚಿಕ್ಕಮಾವನ ಸಂದೇಶ ತಪ್ಪು, ಆತಂಕ ತಪ್ಪಲ್ಲ.

ನಾನು, 10:24
ಭಾವ, ಐದು ಪಂದ್ಯ ಸೋತ ಮೇಲೂ ಎರಡನೆಯ ಸ್ಥಾನ ನಮ್ಮದೇ ಎಂದರೆ ಹಿಂದಿರುವವರೂ ಎಡವುತ್ತಿದ್ದಾರೆ ಎಂದಲ್ಲವೇ? ಈ ವರ್ಷ 89 ಬೇಕಾಗಲಿಕ್ಕಿಲ್ಲ. ನಿನ್ನೆ ಸೋತಿದ್ದರೆ ಬ್ರೆಂಟ್‌ಫರ್ಡ್ ನಮ್ಮನ್ನು ದಾಟುತ್ತಿತ್ತು. ಅಂಥ ರಾತ್ರಿ, ಎದುರಾಳಿಯ ಅಂಗಳದಲ್ಲಿ, ಗೋಲ್‌ಕೀಪರನ ತಪ್ಪಿನಿಂದ ಹಿಂದೆ ಬಿದ್ದವರು ಕುಸಿಯಲಿಲ್ಲ. ಹದಿಮೂರು ನಿಮಿಷದಲ್ಲಿ ಸಮ ಮಾಡಿಕೊಂಡರು. ಕಳೆದ ಮೇ ತಿಂಗಳಿನ ತಂಡ ಹೀಗೆ ನಿಲ್ಲುತ್ತಿರಲಿಲ್ಲ. ನನಗೆ ನಂಬಿಕೆ ಬಂದದ್ದು ಏಳು ಗೆಲುವುಗಳಿಂದಲ್ಲ, ನಿನ್ನೆಯ ಒಂದು ಅಂಕದಿಂದ.

ಪುಟ್ಟಿ, 1:50
ಅಪ್ಪಾ, ಈಗ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದೆ. ಇಲ್ಲಿ ಲೀಡ್ಸ್‌ನಲ್ಲಿ ಎಲ್ಲರೂ ನಿಮ್ಮ ಹಾಗೆಯೇ ಇದ್ದಾರೆ. ವಾರ್ಡಿನಲ್ಲಿ ಒಬ್ಬ ಅಜ್ಜ, ಎಂಬತ್ತು ದಾಟಿದವರು, ಸೊಂಟದ ಶಸ್ತ್ರಚಿಕಿತ್ಸೆ ಆಗಿದೆ. ರಕ್ತದೊತ್ತಡ ನೋಡಲು ಹೋದರೆ ಪಟ್ಟಿ ಕಟ್ಟುವ ಮೊದಲೇ ಸ್ಕೋರ್ ಕೇಳಿದರು. ಹೇಳಿದೆ. ‘ಗೋಲು ಬಿಟ್ಟದ್ದು ಯಾರು’ ಎಂದರು. ಅದನ್ನೂ ಹೇಳಿದೆ. ಒತ್ತಡ ಏರಿತು. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆದು ಬರೆದುಕೊಂಡೆ. ನಮ್ಮ ಅಪ್ಪ 92ರಲ್ಲಿ ಇಲ್ಲಿದ್ದರು ಎಂದೆ. ಹಾಗಿದ್ದರೆ ಈ ಏಪ್ರಿಲ್‌ಗೆ ಅವರನ್ನು ಕರೆಸು, ಇಬ್ಬರೂ ನೋಡೋಣ ಎಂದರು.

ಚಿಕ್ಕಪ್ಪ, 1:53
ಅವರು ನಿಜವಾಗಿಯೂ ಹಾಗೆಂದರೇ?

ಪುಟ್ಟಿ, 1:54
ಹೌದು. ಆ ಸಂದೇಶವನ್ನು ಅವರಿಗೆ ತೋರಿಸಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಚಿಕ್ಕಪ್ಪ, 1:58
ಸಂದೇಶವನ್ನು ಅಳಿಸಲು ಈಗ ಆಗುವುದಿಲ್ಲವಂತೆ, ಸಮಯ ಮೀರಿದೆ. ಯಾರೂ ಮುಂದೆ ಕಳುಹಿಸಬೇಡಿ.

ದೊಡ್ಡಪ್ಪ, 2:01
ನಾನು ನಮ್ಮ ಬಡಾವಣೆಯ ಹಿರಿಯ ನಾಗರಿಕರ ಗುಂಪಿಗೆ ಬೆಳಿಗ್ಗೆಯೇ ಕಳುಹಿಸಿದ್ದೇನೆ. ಮೆಂತ್ಯದ ಸಾಲು ಸೇರಿಸಿ.

ಅಕ್ಕ, 2:10
ಶನಿವಾರ ರಾತ್ರಿ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ಅತ್ತೆಯವರೂ ಇರುತ್ತಾರೆ. ಚಿಕ್ಕಪ್ಪನನ್ನು ಮಧ್ಯೆ ನಿಲ್ಲಿಸಿಕೊಂಡು ಫೋಟೋ ತೆಗೆಸಬೇಕು.

ಚಿಕ್ಕಪ್ಪ, 2:12
ಶನಿವಾರ ಎಂಟೂವರೆಗೆ ಬ್ರಿಸ್ಟಲ್ ಸಿಟಿ ವಿರುದ್ಧ ಪಂದ್ಯ ಇದೆಯಲ್ಲಮ್ಮ.

ಅಕ್ಕ, 2:13
ಗೊತ್ತಿದೆ. ನೋಡಿಯೇ ಹೇಳಿದ್ದು. ಟಿವಿ ಹಜಾರದಲ್ಲೇ ಇರುತ್ತದೆ. ಅರ್ಧವಿರಾಮದಲ್ಲಿ ಫೋಟೋ.

ದೊಡ್ಡಪ್ಪ, 2:20
ಅರ್ಧವಿರಾಮ ಎಷ್ಟು ಹೊತ್ತು?

ನಾನು, 2:20
ಹದಿನೈದು ನಿಮಿಷ, ದೊಡ್ಡಪ್ಪ.

ದೊಡ್ಡಪ್ಪ, 2:21
ಸಾಲದು. ಎಲ್ಲರೂ ಏಳು ಗಂಟೆಗೇ ಬಂದುಬಿಡಿ.