ವೈಫೈ ಲಾಗಿನ್ ಸರ್ವರ್: ಪ್ರಶ್ನೆ ಕೇಳಿ, ಲಾಗ್ ಹಾಕಿ

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಎಲ್ಲರಿಗೂ ನಮಸ್ಕಾರ. ಮಿಲ್ಲು, ಹಾಸ್ಟೆಲ್, ಕಾಲೇಜಲ್ಲಿ ಒಂದೇ ವೈಫೈ ಪಾಸ್‌ವರ್ಡ್ ಬದಲು ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡೋ ರೇಡಿಯಸ್ ಸರ್ವರ್ ಬಗ್ಗೆ ಇವತ್ತು ಕೇಳಿ. ನನಗೆ ಗೊತ್ತಿರೋದು ಫ್ರೀರೇಡಿಯಸ್ ಅನ್ನೋ ಉಚಿತ ರೇಡಿಯಸ್ ಸಾಫ್ಟ್‌ವೇರ್. "ಕೆಲಸ ಮಾಡ್ತಿಲ್ಲ" ಅಂತ ಮಾತ್ರ ಬರೆದರೆ ಏನೂ ಹೇಳಲು ಆಗಲ್ಲ. ಸರ್ವಿಸ್ ನಿಲ್ಲಿಸಿ, ಕಮಾಂಡ್ ಜೊತೆ ದೊಡ್ಡಕ್ಷರದ ಎಕ್ಸ್ (-X) ಹಾಕಿ ಕೈಯಿಂದ ಶುರು ಮಾಡಿ. ಪರದೆ ಮೇಲೆ ಬರೋ ಸಾಲುಗಳನ್ನ, ಅಂದರೆ ಲಾಗ್, ಇಲ್ಲಿ ಹಾಕಿ.

ಹಾಸ್ಟೆಲ್ ಆಫೀಸ್, ಬಳ್ಳಾರಿ: ಮೇಡಂ, ವೈಫೈ ಕೊಡೋ ಡಬ್ಬಿ, ಅಂದರೆ ಆಕ್ಸೆಸ್ ಪಾಯಿಂಟ್‌ನಲ್ಲಿ ಏನೇನು ತುಂಬಬೇಕು? ಸರ್ವರ್ ಓಡ್ತಿದೆ, ಆದರೆ ಒಂದು ಫೋನೂ ಒಳಗೆ ಹೋಗ್ತಿಲ್ಲ. ಪರದೆಯಲ್ಲಿ "ಅನ್‌ನೋನ್ ಕ್ಲೈಂಟ್" ಅಂತ ಬರ್ತಿದೆ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಲಾಗ್ ನೋಡಿ ಬರೆದಿದ್ದೀರಿ, ಥ್ಯಾಂಕ್ಸ್. ಕ್ಲೈಂಟ್ ಅಂದರೆ ಇಲ್ಲಿ ಹುಡುಗರ ಫೋನ್ ಅಲ್ಲ, ನಿಮ್ಮ ಆಕ್ಸೆಸ್ ಪಾಯಿಂಟ್. ಅದರ ಐಪಿ (ನೆಟ್‌ವರ್ಕ್ ವಿಳಾಸ) ಸರ್ವರ್‌ಗೆ ಗೊತ್ತಿಲ್ಲ, ಹಾಗಾಗಿ ಬಂದ ಪ್ಯಾಕೆಟ್ಟಿಗೆ ಉತ್ತರವನ್ನೇ ಕೊಡಲ್ಲ. ಕ್ಲೈಂಟ್ಸ್ ಡಾಟ್ ಕಾನ್ಫ್ ಫೈಲ್‌ನಲ್ಲಿ ಪ್ರತಿ ಆಕ್ಸೆಸ್ ಪಾಯಿಂಟಿನ ಐಪಿ ಮತ್ತು ಶೇರ್ಡ್ ಸೀಕ್ರೆಟ್ (ಎರಡೂ ಕಡೆ ಇಡೋ ಗುಟ್ಟಿನ ಪದ) ಬರೆಯಿರಿ. ಅದೇ ಸೀಕ್ರೆಟ್ ಆಕ್ಸೆಸ್ ಪಾಯಿಂಟ್‌ನಲ್ಲೂ ಇರಬೇಕು, ಒಂದಕ್ಷರವೂ ತಪ್ಪಬಾರದು. ಅಲ್ಲಿ ಸೆಕ್ಯುರಿಟಿ ಡಬ್ಲ್ಯುಪಿಎ2 ಎಂಟರ್‌ಪ್ರೈಸ್ (ಬೇರೆ ಬೇರೆ ಲಾಗಿನ್ ಕೇಳೋ ಆಯ್ಕೆ) ಮಾಡಿ, ಸರ್ವರ್ ಐಪಿ ಹಾಕಿ, ಪೋರ್ಟ್ 1812. ಯಾರು ಯಾವಾಗ ಬಂದರು ಹೋದರು ಅನ್ನೋ ಲೆಕ್ಕ ಬೇಕಿದ್ದರೆ ಅಕೌಂಟಿಂಗ್ ಪೋರ್ಟ್ 1813. ಎರಡೂ ಯುಡಿಪಿ (ಡೇಟಾ ಕಳಿಸೋ ಒಂದು ವಿಧಾನ). ಮುಖ್ಯ ವಿಷಯ: ಆಕ್ಸೆಸ್ ಪಾಯಿಂಟಿಗೆ ಐಪಿ ಸ್ಥಿರವಾಗಿರಲಿ. ರೀಸ್ಟಾರ್ಟ್ ಆದಾಗ ಐಪಿ ಬದಲಾದರೆ ಇದೇ ಕಥೆ ಮತ್ತೆ ಶುರುವಾಗುತ್ತೆ.

ಸಿಂಧನೂರು ಸದಸ್ಯ: ಪೋರ್ಟ್ ಎಷ್ಟು ಮೇಡಂ?

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: 1812.

ಮಸ್ಕಿ ಸದಸ್ಯ: ನಮ್ಮಲ್ಲಿ ವಿಂಡೋಸ್ ಸರ್ವರ್ ಇದೆ, ಅದರಲ್ಲೇ ಬರೋ ರೇಡಿಯಸ್ ಸರ್ವರ್ ಎನ್‌ಪಿಎಸ್ ಬಳಸಬಹುದಾ, ಫ್ರೀರೇಡಿಯಸ್ಸೇ ಬೇಕಾ?

ಕಂಪ್ಯೂಟರ್ ಅಂಗಡಿ, ಕಾರಟಗಿ: ಇದು ಬೇರೆ ಗ್ರೂಪಲ್ಲಿ ಬಂತು, ಎಲ್ಲರಿಗೂ ಉಪಯೋಗ ಆಗುತ್ತೆ ಅಂತ ಹಾಕ್ತಿದ್ದೇನೆ. "ರೇಡಿಯಸ್ ತೊಂದರೆಗೆ 3 ಸುಲಭ ಉಪಾಯ. 1) ಕ್ಲೈಂಟ್ ಐಪಿ ಜಾಗದಲ್ಲಿ 0.0.0.0/0 ಹಾಕಿ. 2) ಸೀಕ್ರೆಟ್ ಟೆಸ್ಟಿಂಗ್123 ಇಡಿ, ನೆನಪಿರುತ್ತೆ. 3) ಫೋನಲ್ಲಿ ಸರ್ಟಿಫಿಕೇಟ್ ಜಾಗದಲ್ಲಿ ಡು ನಾಟ್ ವ್ಯಾಲಿಡೇಟ್ ಒತ್ತಿ. ಎಲ್ಲರಿಗೂ ಶೇರ್ ಮಾಡಿ."

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ದಯವಿಟ್ಟು ಯಾರೂ ಇದನ್ನ ಮಾಡಬೇಡಿ. ಮೊದಲನೆಯದು ಯಾವ ಐಪಿಯಿಂದ ಬಂದರೂ ಮಾತಾಡು ಅಂತ ಸರ್ವರ್‌ಗೆ ಹೇಳಿದಂತೆ. ಎರಡನೆಯದು ಫ್ರೀರೇಡಿಯಸ್ ಜೊತೆ ಪರೀಕ್ಷೆಗೆ ಅಂತ ಬರೋ ಸೀಕ್ರೆಟ್, ಲೋಕಕ್ಕೆಲ್ಲ ಗೊತ್ತು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಫೋನು ಸರ್ಟಿಫಿಕೇಟ್ (ಸರ್ವರ್‌ನ ಗುರುತುಪತ್ರ) ನೋಡದಿದ್ದರೆ, ಯಾರೋ ನಿಮ್ಮ ವೈಫೈ ಹೆಸರನ್ನೇ ಇಟ್ಟು ಗೇಟ್ ಹೊರಗೆ ಲ್ಯಾಪ್‌ಟಾಪ್ ಹಿಡಿದು ಕೂತರೂ ಅದಕ್ಕೇ ಹೋಗಿ ಲಾಗಿನ್ ಆಗುತ್ತೆ. ಪಾಸ್‌ವರ್ಡ್ ಲಾಗಿನ್‌ಗೆ ಬಳಸೋ ಪೀಪ್ ವಿಧಾನದ ಒಳಗೆ ಪಾಸ್‌ವರ್ಡ್ ಪರೀಕ್ಷೆ ಮಾಡೋದು ಎಂಎಸ್‌ಚಾಪ್ ವಿ2. ಅದು ಸಿಕ್ಕರೆ ಪಾಸ್‌ವರ್ಡ್ ಸುರಕ್ಷಿತ ಅಲ್ಲ ಅನ್ನೋದು 2012ರಲ್ಲೇ ಎಲ್ಲರ ಮುಂದೆ ತೋರಿಸಿದ ವಿಷಯ. ಅದೇ ಪಾಸ್‌ವರ್ಡ್ ಮೇಲ್‌ಗೂ ಇಟ್ಟಿರ್ತೀರಿ, ಅಲ್ವಾ?

ಕಂಪ್ಯೂಟರ್ ಅಂಗಡಿ, ಕಾರಟಗಿ: ಮೇಡಂ, ನಾನು ಬರೆದಿದ್ದಲ್ಲ, ಬಂದಿದ್ದನ್ನ ಹಾಕಿದೆ ಅಷ್ಟೇ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಓದಿ ಹಾಕಿ. ಇದನ್ನ ನಂಬಿ ಮಾಡಿದವರ ಆಫೀಸ್ ನೆಟ್‌ವರ್ಕ್ ಆಮೇಲೆ ಸರಿ ಮಾಡೋಕೆ ಹೋಗೋರು ನಾವು.

ಪದವಿ ಕಾಲೇಜು ಲ್ಯಾಬ್, ರಾಯಚೂರು: ಹೊಸ ಆಂಡ್ರಾಯ್ಡ್ ಫೋನಲ್ಲಿ ಆ ಡು ನಾಟ್ ವ್ಯಾಲಿಡೇಟ್ ಆಯ್ಕೆನೇ ಕಾಣ್ತಿಲ್ಲ. ಹುಡುಗರು ದಿನಾ ಬಂದು ನಿಲ್ತಾರೆ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಆಂಡ್ರಾಯ್ಡ್ 11ರಿಂದ ಅದನ್ನ ತೆಗೆಯುತ್ತಾ ಬಂದಿದ್ದಾರೆ, ಒಳ್ಳೇದೇ ಆಯ್ತು. ನಿಮ್ಮ ಸಿಎ ಸರ್ಟಿಫಿಕೇಟನ್ನ (ಸರ್ವರ್ ಸರ್ಟಿಫಿಕೇಟಿಗೆ ಸಹಿ ಹಾಕಿದ ಮೂಲ ಸರ್ಟಿಫಿಕೇಟ್) ಫೋನಿಗೆ ಹಾಕಿಸಿ. ಡೊಮೇನ್ ಜಾಗದಲ್ಲಿ ಸರ್ವರ್ ಸರ್ಟಿಫಿಕೇಟಿನಲ್ಲಿರೋ ಹೆಸರನ್ನೇ ಬರೆಸಿ.

ರೈಸ್ ಮಿಲ್ ಆಫೀಸ್, ಗಂಗಾವತಿ: ಅಕ್ಕಾ, ನಮ್ಮದು ವಿಚಿತ್ರ ಆಗಿದೆ. ಪಾಸ್‌ವರ್ಡ್ ಇಲ್ಲ, ಪ್ರತಿ ಯಂತ್ರಕ್ಕೂ ಸರ್ಟಿಫಿಕೇಟ್ ಕೊಟ್ಟಿದ್ದೇವೆ, ಇಎಪಿ-ಟಿಎಲ್‌ಎಸ್ ಅನ್ನೋ ವಿಧಾನ. ಸರ್ವರ್ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್. ಕರೆಂಟ್ ಹೋಗಿ ಬಂದಾಗೆಲ್ಲ ಲಾರಿ ಕಾಟಾ ಹತ್ತಿರ ಇರೋ ಎರಡು ಟ್ಯಾಬ್ ಒಳಗೆ ಹೋಗಲ್ಲ. ಆಫೀಸಿನ ಹಳೇ ಲ್ಯಾಪ್‌ಟಾಪ್‌ಗಳು ಆರಾಮಾಗಿ ಹೋಗುತ್ತವೆ. ಅರ್ಧ ಗಂಟೆ ಬಿಟ್ಟರೆ ಟ್ಯಾಬ್ ತಾನಾಗೇ ಸರಿ ಹೋಗುತ್ತೆ. ಈಗ ಭತ್ತದ ಸುಗ್ಗಿ, ಲಾರಿ ರಸ್ತೆ ತನಕ ನಿಂತಿರ್ತವೆ. ಟ್ಯಾಬ್ ಕಂಪನಿಯವರು ಟ್ಯಾಬ್ ಸರಿ ಇದೆ ಅಂತಾರೆ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಕರೆಂಟ್ ಬಂದ ತಕ್ಷಣದ ಲಾಗ್ ಫೋಟೋ ಬೇಕು. ಟ್ಯಾಬ್ ಸರ್ಟಿಫಿಕೇಟ್ ಯಾವಾಗ ಮಾಡಿದ್ದು? ಪೈ ಮೆಮೊರಿ ಕಾರ್ಡಿಗೆ ಏನಾದರೂ ಸೆಟ್ಟಿಂಗ್ ಮಾಡಿದ್ದೀರಾ?

ರೈಸ್ ಮಿಲ್ ಆಫೀಸ್, ಗಂಗಾವತಿ: ಫೋಟೋ ಹಾಕಿದೆ. "ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್" ಅಂತಿದೆ. ಟ್ಯಾಬ್ ತಂದಿದ್ದು, ಸರ್ಟಿಫಿಕೇಟ್ ಮಾಡಿದ್ದು ನವೆಂಬರ್ 3. ಕರೆಂಟ್ ಹೋಗಿ ಕಾರ್ಡ್ ಕೆಡ್ತಿತ್ತು ಅಂತ ಆಗಸ್ಟಲ್ಲಿ ಓವರ್‌ಲೇ (ಕಾರ್ಡಿಗೆ ಏನೂ ಬರೆಯದಂತೆ ತಡೆಯೋ ಸೆಟ್ಟಿಂಗ್) ಆನ್ ಮಾಡಿದ್ವಿ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಸಿಕ್ಕಿತು. ನಿಮ್ಮ ಫೋಟೋದಲ್ಲಿ ದೋಷದ ಸಾಲು ಬಿಡಿ, ಅದರ ಎಡಕ್ಕಿರೋ ತಾರೀಖು ನೋಡಿ. 19 ಆಗಸ್ಟ್ ಅಂತಿದೆ. ನಿಮ್ಮ ಸರ್ವರ್ ಪ್ರಕಾರ ಇನ್ನೂ ಆಗಸ್ಟ್ ತಿಂಗಳು. ನವೆಂಬರ್ 3ಕ್ಕೆ ಹುಟ್ಟಿದ ಸರ್ಟಿಫಿಕೇಟ್ ತೋರಿಸಿದರೆ ಇದು ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಸರ್ವರ್ ವಾಪಸ್ ಕಳಿಸ್ತಿದೆ. ಹಳೇ ಲ್ಯಾಪ್‌ಟಾಪ್ ಸರ್ಟಿಫಿಕೇಟ್ ಆಗಸ್ಟಿಗಿಂತ ಮುಂಚಿನವು, ಅದಕ್ಕೇ ಅವು ಹೋಗ್ತವೆ.

ಪೈ 4ರಲ್ಲಿ ಕರೆಂಟ್ ಇಲ್ಲದಾಗಲೂ ಓಡೋ ಗಡಿಯಾರ ಇಲ್ಲ. ಅದರ ಬದಲು ಆಗಾಗ ಸಮಯವನ್ನ ಕಾರ್ಡಿನ ಒಂದು ಫೈಲಿಗೆ ಬರೆದಿಟ್ಟು, ಮತ್ತೆ ಆನ್ ಆದಾಗ ಅಲ್ಲಿಂದ ಎತ್ತಿಕೊಳ್ಳುತ್ತೆ. ನೀವು ಓವರ್‌ಲೇ ಆನ್ ಮಾಡಿದ ಮೇಲೆ ಕಾರ್ಡಿಗೆ ಬರವಣಿಗೆಯೇ ನಿಂತುಹೋಯಿತು. ಹಾಗಾಗಿ ಪ್ರತಿ ಸಲ ಓವರ್‌ಲೇ ಆನ್ ಮಾಡಿದ ದಿನಕ್ಕೇ ಹೋಗಿ ನಿಲ್ಲುತ್ತೆ. ಇಂಟರ್ನೆಟ್ ಬಂದು ಎನ್‌ಟಿಪಿಯಿಂದ (ನೆಟ್ ಮೂಲಕ ಸಮಯ ಕೊಡೋ ವ್ಯವಸ್ಥೆ) ಸರಿಯಾದ ಸಮಯ ಸಿಕ್ಕಾಗ ಎಲ್ಲ ಸರಿ ಹೋಗುತ್ತೆ. ಆ ಅರ್ಧ ಗಂಟೆ ನಿಮ್ಮ ಫೈಬರ್ ಲೈನ್ ಮೇಲೇಳೋಕೆ ಬೇಕಾದ ಹೊತ್ತು.

ಟ್ಯಾಬ್ ನಿಲ್ಲೋದಕ್ಕಿಂತ ನನಗೆ ಚಿಂತೆ ಆಗಿರೋದು ಬೇರೆ. ಗಡಿಯಾರ ಹಿಂದಿದ್ದರೆ ಅವಧಿ ಮುಗಿದ ಸರ್ಟಿಫಿಕೇಟ್ ಕೂಡ ಚಾಲ್ತಿಯಲ್ಲಿದೆ ಅಂತ ಕಾಣುತ್ತೆ. ಸೆಪ್ಟೆಂಬರ್‌ನಲ್ಲಿ ಯಾರದ್ದಾದರೂ ಮುಗಿದಿದ್ದರೆ, ಕರೆಂಟ್ ಹೋಗಿ ಬಂದ ಆ ಅರ್ಧ ಗಂಟೆ ಅವರು ನಿಮ್ಮ ಆಫೀಸ್ ನೆಟ್‌ವರ್ಕ್ ಒಳಗೆ ಬರಬಹುದು. ಕೆಲಸ ಬಿಟ್ಟವರ ಸರ್ಟಿಫಿಕೇಟ್ ಮುಗಿಯಲಿ ಅಂತ ಸುಮ್ನೆ ಕಾಯಬೇಡಿ, ರದ್ದು ಮಾಡಿ.

ಈಗ ಮಾಡಬೇಕಾದ್ದು: ಡಿಎಸ್3231 ಅನ್ನೋ ಗಡಿಯಾರದ ಮಾಡ್ಯೂಲ್ ತರಿಸಿ. ಬೆರಳುಗಾತ್ರದ ಬೋರ್ಡು, ಸಣ್ಣ ಬಿಲ್ಲೆ ಸೆಲ್ ಹಾಕೋದು, ಪೈ ಪಿನ್ನುಗಳ ಮೇಲೆ ಕೂರುತ್ತೆ. ಸೆಟ್ಟಿಂಗ್ ಮಾಡುವಾಗ ಓವರ್‌ಲೇ ಆಫ್ ಮಾಡಿ, ಕಾನ್ಫಿಗ್ ಫೈಲಲ್ಲಿ ಮಾಡ್ಯೂಲ್ ಹೆಸರು ಸೇರಿಸಿ, ಫೇಕ್ ಎಚ್‌ಡಬ್ಲ್ಯು ಕ್ಲಾಕ್ (ಫೈಲಿಗೆ ಸಮಯ ಬರೆದಿಡೋ ಪ್ರೋಗ್ರಾಂ) ತೆಗೆದು, ಸಮಯ ಬರೆದು, ಆಮೇಲೆ ಓವರ್‌ಲೇ ಮತ್ತೆ ಆನ್ ಮಾಡಿ. ಪೈ 5 ಕೊಂಡರೆ ಗಡಿಯಾರ ಒಳಗೇ ಇದೆ, ಆದರೆ ಅದಕ್ಕೂ ಬ್ಯಾಟರಿ ಬೇರೆಯಾಗಿ ಹಾಕಲೇಬೇಕು. ಮಾಡ್ಯೂಲ್ ಬರೋ ತನಕ ಪೈ, ಫೈಬರ್ ಬಾಕ್ಸ್ ಎರಡನ್ನೂ ಯುಪಿಎಸ್ ಮೇಲೆ ಇಡಿ. ಸಮಯ ಸಿಗೋ ತನಕ ರೇಡಿಯಸ್ ಶುರುವಾಗದಂತೆ ಕಾಯಿಸಬಹುದು ಅಂತ ಕೆಲವರು ಹೇಳ್ತಾರೆ. ಆದರೆ ಇಂಟರ್ನೆಟ್ ದಿನವಿಡೀ ಬರದಿದ್ದರೆ ಆಫೀಸಿನ ಒಳಗಿನ ಕೆಲಸವೂ ನಿಲ್ಲುತ್ತೆ. ಸುಗ್ಗಿಯಲ್ಲಿ ಅದು ಬೇಡ.

ರೈಸ್ ಮಿಲ್ ಆಫೀಸ್, ಗಂಗಾವತಿ: ಅಕ್ಕಾ, ತುಂಬಾ ಉಪಕಾರ ಆಯ್ತು. ಮಾಡ್ಯೂಲ್ ಇವತ್ತೇ ಆರ್ಡರ್ ಮಾಡ್ತೀನಿ. ಸೆಪ್ಟೆಂಬರಲ್ಲಿ ಸರ್ಟಿಫಿಕೇಟ್ ಮುಗಿದ ಲ್ಯಾಪ್‌ಟಾಪ್ ಒಂದಿದೆ, ನೋಡ್ತೀನಿ.

ಕಂಪ್ಯೂಟರ್ ಅಂಗಡಿ, ಕಾರಟಗಿ: ನಾಲ್ಕು ಟ್ಯಾಬ್, ಆರು ಲ್ಯಾಪ್‌ಟಾಪ್ ಇರೋ ಮಿಲ್ಲಿಗೆ ಇಷ್ಟೆಲ್ಲ ಯಾಕೆ? ಒಂದು ಉದ್ದ ಪಾಸ್‌ವರ್ಡ್ ಇಟ್ಟರೆ ಸಾಕು. ಸುಮ್ನೆ ಜನರನ್ನ ಹೆದರಿಸೋದು.

ಜೀನ್ಸ್ ಯೂನಿಟ್, ಬಳ್ಳಾರಿ: ಸಾಕಾಗಲ್ಲ ಅಣ್ಣಾ. ನಮ್ಮಲ್ಲಿ ತಿಂಗಳಿಗೆ ಒಬ್ಬರಾದರೂ ಕೆಲಸ ಬಿಡ್ತಾರೆ. ಪಾಸ್‌ವರ್ಡ್ ಬದಲಿಸಿದರೆ ಪ್ರಿಂಟರ್, ಕ್ಯಾಮೆರಾ, ಬಿಲ್ಲಿಂಗ್ ಎಲ್ಲ ಮತ್ತೆ ಹಾಕಬೇಕು. ಬದಲಿಸದಿದ್ದರೆ ಹಳಬರು ಗೇಟ್ ಹೊರಗೆ ನಿಂತು ನಮ್ಮ ನೆಟ್ಟೇ ಬಳಸ್ತಾರೆ.

ಕಂಪ್ಯೂಟರ್ ಅಂಗಡಿ, ಕಾರಟಗಿ: ಅದು ನಿಮ್ಮ ಆಡಳಿತದ ತೊಂದರೆ, ವೈಫೈ ತೊಂದರೆ ಅಲ್ಲ.

ಜೀನ್ಸ್ ಯೂನಿಟ್, ಬಳ್ಳಾರಿ: ನಿಮ್ಮ ಹತ್ತಿರ ಕೊಂಡ ರೂಟರ್ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಾಕಿ ಕೊಡ್ತೀರಿ ಅಂತ ಕಾರಟಗಿಯವರೇ ಹೇಳ್ತಾರೆ. ನೀವು ಪಾಠ ಹೇಳಬೇಡಿ.

ಕಂಪ್ಯೂಟರ್ ಅಂಗಡಿ, ಕಾರಟಗಿ: ಯಾರು ಹೇಳಿದ್ದು? ಹೆಸರು ಹೇಳಿ.

ಸಿಂಧನೂರು ಸದಸ್ಯ: ರೀ, ಜಗಳ ಪರ್ಸನಲ್ಲಾಗಿ ಆಡಿ. ಮೇಡಂ, ಟಿಸಿಪಿನಾ ಯುಡಿಪಿನಾ?

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಯುಡಿಪಿ. ಮೇಲೆ ಬರೆದಿದ್ದೇನೆ, ಓದಿ. ಕಾರಟಗಿ ಅಣ್ಣಾವ್ರೇ, ಮನೆಗೆ ಒಂದು ಪಾಸ್‌ವರ್ಡ್ ಸಾಕು, ಒಪ್ತೀನಿ. ಜನ ಬಂದು ಹೋಗೋ ಕಡೆ ಸಾಕಾಗಲ್ಲ. ಹೆಸರು ಕೇಳೋದು, ಹೇಳೋದು ಇಲ್ಲಿ ಬೇಡ.

ಹೋಂಸ್ಟೇ, ಆನೆಗೊಂದಿ: ನಮ್ಮಲ್ಲಿ ಬರೋ ಅತಿಥಿಗಳಿಗೂ ಹೀಗೆ ಸರ್ಟಿಫಿಕೇಟ್ ಕೊಡಬೇಕಾ?

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಬೇಡ. ಎರಡು ದಿನ ಇರೋರಿಗೆ ಬೇರೆ ಗೆಸ್ಟ್ ನೆಟ್‌ವರ್ಕ್, ಲಾಗಿನ್ ಪುಟ ಸಾಕು. ಫೋನಿನ ಮ್ಯಾಕ್ ವಿಳಾಸ (ವೈಫೈಗೆ ಫೋನು ತೋರಿಸೋ ಗುರುತು ಸಂಖ್ಯೆ) ನಂಬಿ ಲೆಕ್ಕ ಇಡಬೇಡಿ, ಈಗಿನ ಫೋನುಗಳು ಪ್ರತಿ ನೆಟ್‌ವರ್ಕಿಗೂ ಬೇರೆ ವಿಳಾಸ ತೋರಿಸ್ತವೆ.

ಪದವಿ ಕಾಲೇಜು ಲ್ಯಾಬ್, ರಾಯಚೂರು: 2024ರಲ್ಲಿ ಬ್ಲಾಸ್ಟ್ ರೇಡಿಯಸ್ ಅಂತ ದೋಷ ಬಂತಲ್ಲ, ವೈಫೈ ಬಂದ್ ಮಾಡಿ ಅಂತ ಫಾರ್ವರ್ಡ್ ಓಡಾಡ್ತಿದೆ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಮತ್ತೆ ಫಾರ್ವರ್ಡ್. ವೈಫೈ ಬಂದ್ ಮಾಡಬೇಡಿ. ವೈಫೈ ಲಾಗಿನ್‌ಗೆ ಬಳಸೋ ಇಎಪಿ ಪ್ಯಾಕೆಟ್‌ನಲ್ಲಿ ಮೆಸೇಜ್ ಅಥೆಂಟಿಕೇಟರ್ (ಮಧ್ಯದಲ್ಲಿ ಯಾರೂ ತಿದ್ದಿಲ್ಲ ಅನ್ನೋ ಮುದ್ರೆ) ಮೊದಲಿಂದಲೂ ಕಡ್ಡಾಯ, ಆ ದಾಳಿ ಅದನ್ನ ಮುಟ್ಟಲ್ಲ. ಸ್ವಿಚ್, ವಿಪಿಎನ್ ಲಾಗಿನ್ ಇದೇ ಸರ್ವರ್ ಮೇಲೆ ಇದ್ದರೆ ಅಪ್‌ಡೇಟ್ ಮಾಡಿ.

ಮಸ್ಕಿ ಸದಸ್ಯ: ನನ್ನ ಎನ್‌ಪಿಎಸ್ ಪ್ರಶ್ನೆ?

ಜೀನ್ಸ್ ಯೂನಿಟ್, ಬಳ್ಳಾರಿ: ಹೆಸರು ಬೇಕಂತೆ ಇವರಿಗೆ. ಬೆಳಿಗ್ಗೆ ಅಂಗಡಿಗೇ ಬರ್ತೀನಿ.

ಹಾಸ್ಟೆಲ್ ಆಫೀಸ್, ಬಳ್ಳಾರಿ: ಮೇಡಂ, ಬಂತು! ಎಲ್ಲರ ಫೋನೂ ಹೋಗ್ತಿದೆ. ಬೇರೆಯವರಿಗೂ ಅನುಕೂಲ ಆಗಲಿ ಅಂತ ಕ್ಲೈಂಟ್ಸ್ ಫೈಲ್ ಸ್ಕ್ರೀನ್‌ಶಾಟ್ ಹಾಕಿದ್ದೇನೆ ನೋಡಿ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ತಕ್ಷಣ ತೆಗೀರಿ. ಅದರಲ್ಲಿ ಸೀಕ್ರೆಟ್ ಪೂರ್ತಿ ಕಾಣ್ತಿದೆ.

ಹಾಸ್ಟೆಲ್ ಆಫೀಸ್, ಬಳ್ಳಾರಿ: ಡಿಲೀಟ್ ಮಾಡಿದೆ ಮೇಡಂ.

ನೆಟ್‌ವರ್ಕ್ ಎಂಜಿನಿಯರ್, ಬಳ್ಳಾರಿ: ಡಿಲೀಟ್ ಮಾಡಿದರೆ ಸಾಲದು, ಇಷ್ಟು ಜನ ನೋಡಿಯಾಯ್ತು. ಈಗಲೇ ಹೊಸ ಸೀಕ್ರೆಟ್ ಇಡಿ, ಪ್ರತಿ ಆಕ್ಸೆಸ್ ಪಾಯಿಂಟಿಗೂ ಬೇರೆ ಬೇರೆ. ಸರ್ವರ್ ರೀಸ್ಟಾರ್ಟ್ ಮಾಡಿ, ಆಮೇಲೆ ಮಲಗಿ.